ಮಂಡಿಪೇಟೆಯ ಸುಸ್ತಿಗೆ ಗಂಡಸ್ತನದ ಸೂಜಿ ಮದ್ದೇ?

ಮಧ್ಯಾಹ್ನ ಮೂರೂವರೆ ಗಂಟೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಲಾರಿ ಖಾಲಿಯಾಗಿದೆ. ಹಮಾಲರು ಟವೆಲ್ ಕೊಡವಿಕೊಂಡು ಚಹಾದಂಗಡಿ ಕಡೆ ನಡೆದಿದ್ದಾರೆ. ಅಂಗಡಿಯೊಳಗೆ ಗಲ್ಲಾಪೆಟ್ಟಿಗೆ ಮುಂದೆ ಕೂತ ಯಜಮಾನರ ಕೈಯಲ್ಲಿ ಪೆನ್ನಿದೆ, ಎದುರಿಗೆ ಖಾತೆ ಪುಸ್ತಕ ತೆರೆದಿದೆ, ಕಣ್ಣು ಮಾತ್ರ ಮುಚ್ಚಿದೆ.

ಗಿರಾಕಿ ಬಂದು "ಸಾಹುಕಾರ್ರೆ" ಅಂದ ಮೇಲೆಯೇ ಬೆಚ್ಚಿ ಎದ್ದರು. "ಏನೋಪ್ಪಾ, ಊಟ ಮಾಡಿ ಕೂತ್ರೆ ಸಾಕು, ಕಣ್ಣು ಎಳೀತಾವೆ. ಮೈಯಾಗ ಕಸುವೇ ಇಲ್ಲ" ಎಂದು ತಕ್ಕಡಿ ಕಡೆ ಹೊರಳಿದರು.

ವಯಸ್ಸು 47. ಎರಡು ವರ್ಷದ ಹಿಂದೆ ಚೀಲಕ್ಕೆ ತಾವೇ ಕೈ ಹಾಕುತ್ತಿದ್ದವರು. ಈಗ ಅಟ್ಟದ ಮೆಟ್ಟಿಲು ಹತ್ತಿದರೆ ಏದುಸಿರು. ಷಟರ್ ಎಳೆದು ಮನೆಗೆ ಹೋದರೆ ಯಾರ ಮಾತೂ ಬೇಡ, ಟಿ.ವಿ.ಯೂ ಬೇಡ. ಹೆಂಡತಿಯ ಹತ್ತಿರ ಹೋಗಬೇಕೆಂಬ ಮನಸ್ಸೂ ಇಲ್ಲ. ಈ ಕೊನೆಯ ಸಂಗತಿಯನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಇವರಿಗೆ ಹೆಸರು ಬೇಡ. ಇವರು ಒಬ್ಬರೇ ಅಲ್ಲ. ಮಂಡಿಪೇಟೆ, ಚೌಕಿಪೇಟೆಗಳಲ್ಲಿ, ಹರಿಹರದ ಬಸ್ಸಿನ ಕಿಟಕಿ ಪಕ್ಕ ತೂಕಡಿಸುವವರಲ್ಲಿ ಇಂಥವರು ಎಷ್ಟೋ ಮಂದಿ. ಅಷ್ಟೂ ಜನರನ್ನು ಸೇರಿಸಿ ಒಬ್ಬ ಸಾಹುಕಾರರನ್ನಾಗಿ ಮಾಡಿ ಇಲ್ಲಿ ಕೂರಿಸಿದೆ, ಅಷ್ಟೆ.

ಇಂಥವರಿಗೆ ಈಗ ಒಂದು ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಜಿಮ್ಮಿಗೆ ಹೋಗುವ ಅಳಿಯ ಹೇಳುತ್ತಾನೆ, ಮೊಬೈಲಿನ ಜಾಹೀರಾತು ಹೇಳುತ್ತದೆ, ಚಹಾದಂಗಡಿಯಲ್ಲಿ ಪಕ್ಕ ಕೂತವರು ಹೇಳುತ್ತಾರೆ. "ನಿಮಗೆ ಟೆಸ್ಟೋಸ್ಟೆರಾನ್ ಕಮ್ಮಿ ಆಗೇತ್ರಿ. ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ಬಿಡ್ರಿ, ಇಪ್ಪತ್ತೈದರ ಹುಡುಗ ಆಗ್ತೀರಿ."

ಇಪ್ಪತ್ತೈದರ ಹುಡುಗ ಆಗುವುದು ಯಾರಿಗೆ ಬೇಡ, ಸ್ವಾಮಿ?

ಎಪ್ಪತ್ತೆರಡರ ಪ್ರೊಫೆಸರು

ಈ ಆಸೆ ಇವತ್ತಿನದಲ್ಲ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೌನ್ ಸೆಕಾರ್ಡ್ ಎಂಬ ಹೆಸರಾಂತ ಪ್ರೊಫೆಸರರು ವಿದ್ವಾಂಸರ ಸಭೆಯಲ್ಲಿ ಎದ್ದು ನಿಂತು, ನಾಯಿ ಮತ್ತು ಗಿನಿಯಿಲಿಗಳ ವೃಷಣವನ್ನು ಅರೆದು ತೆಗೆದ ರಸವನ್ನು ತಮ್ಮ ಮೈಗೆ ತಾವೇ ಚುಚ್ಚಿಕೊಂಡಿರುವುದಾಗಿ ಸಾರಿದರು. ಆಗ ಅವರ ವಯಸ್ಸು 72. ಕಸುವು ಮರಳಿತು, ಮೆಟ್ಟಿಲನ್ನು ಓಡುತ್ತ ಹತ್ತುತ್ತಿದ್ದೇನೆ, ಗಂಟೆಗಟ್ಟಲೆ ನಿಂತು ಕೆಲಸ ಮಾಡುತ್ತಿದ್ದೇನೆ ಎಂದರು. ಯೂರೋಪು, ಅಮೆರಿಕಗಳಲ್ಲಿ ಈ ರಸಕ್ಕೆ ನೂಕುನುಗ್ಗಲು.

ಆಮೇಲೆ ಗೊತ್ತಾದದ್ದು ಏನೆಂದರೆ, ಆ ಹಾರ್ಮೋನು ನೀರಿನಲ್ಲಿ ಕರಗುವ ವಸ್ತುವೇ ಅಲ್ಲ. ನೀರು ಬೆರೆಸಿ ಸೋಸಿದ ಆ ರಸದಲ್ಲಿ ಅದು ಇದ್ದದ್ದು ಇಲ್ಲ ಅನ್ನುವಷ್ಟು. ಪ್ರೊಫೆಸರರಿಗೆ ಸಿಕ್ಕ ಹುರುಪು ಸೂಜಿಯದಲ್ಲ, ನಂಬಿಕೆಯದು. ಐದು ವರ್ಷಕ್ಕೆ, 1894ರಲ್ಲಿ, ಅವರು ತೀರಿಕೊಂಡರು.

ನಿಜವಾದ ಟೆಸ್ಟೋಸ್ಟೆರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ. ಆಮ್‌ಸ್ಟರ್‌ಡಾಮ್‌ನ ಲಾಕೂರ್ ಅವರ ತಂಡ ಹೋರಿಗಳ ವೃಷಣದಿಂದ ಅದನ್ನು ಬೇರ್ಪಡಿಸಿ ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಎಂಬ ಇಬ್ಬರು ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ದಾರಿ ಕಂಡುಹಿಡಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಆ ಇಬ್ಬರಿಗೆ.

ಅಂದರೆ ಇದು ಬೂದಿ ಭಸ್ಮದ ಕಥೆಯಲ್ಲ. ಮದ್ದು ನಿಜ, ಅದರ ಕೆಲಸವೂ ನಿಜ. ಮೀಸೆ ಗಡ್ಡ, ಗಡುಸು ದನಿ, ಸ್ನಾಯು, ಮೂಳೆ, ಕಾಮದ ಆಸೆ ಎಲ್ಲಕ್ಕೂ ಇದರ ಹಂಗಿದೆ. ಹರೆಯ ದಾಟಿದ ಮೇಲೆ ಇದರ ಮಟ್ಟ ವರ್ಷಕ್ಕೆ ನೂರಕ್ಕೆ ಒಂದರಷ್ಟು ನಿಧಾನವಾಗಿ ಇಳಿಯುತ್ತದೆ ಎಂಬುದೂ ಸುಳ್ಳಲ್ಲ. ಪ್ರಶ್ನೆ ಇರುವುದು ಬೇರೆ ಕಡೆ: ಮಂಡಿಪೇಟೆ ಸಾಹುಕಾರರ ಸುಸ್ತು ಇದರಿಂದಲೇ ಬಂದದ್ದೇ?

ಸಂಜೆ ಕೊಟ್ಟ ರಕ್ತ

ಸಾಹುಕಾರರು ಅಳಿಯನ ಮಾತು ಕೇಳಿ ಲ್ಯಾಬಿಗೆ ಹೋದರು. ಯಾವಾಗ? ಅಂಗಡಿಯಲ್ಲಿ ಗಿರಾಕಿ ಕಮ್ಮಿಯಾದ ಮೇಲೆ, ಊಟ ಮುಗಿಸಿ, ಸಂಜೆ ನಾಲ್ಕಕ್ಕೆ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಒಂದು ಗಂಟೆಯವರೆಗೆ ಎಚ್ಚರ ಬೇರೆ. ರಿಪೋರ್ಟು ಬಂತು: 268. ಎದುರಿಗೆ "ಕಡಿಮೆ" ಎಂದು ದಪ್ಪಕ್ಷರ. ಅಷ್ಟು ಸಾಕಾಯಿತು.

ಇಲ್ಲೇ ಮೊದಲ ತಪ್ಪು. ಟೆಸ್ಟೋಸ್ಟೆರಾನ್ ಇಡೀ ದಿನ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗಿನ ಜಾವ ಏರಿ, ಸಂಜೆಗೆ ಇಳಿಯುತ್ತದೆ. ಊಟ ಮಾಡಿದರೆ ಇಳಿಯುತ್ತದೆ, ನಿದ್ದೆಗೆಟ್ಟರೆ ಇಳಿಯುತ್ತದೆ, ಜ್ವರ ಬಂದಾಗಲೂ ಇಳಿಯುತ್ತದೆ. ಆದ್ದರಿಂದಲೇ ಹಾರ್ಮೋನು ತಜ್ಞರ ನಿಯಮ ಹೀಗಿದೆ: ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ಕೊಡಬೇಕು. ಎರಡು ಸಲವೂ ಕಡಿಮೆ ಬಂದರೆ ಮಾತ್ರ ಕಡಿಮೆ ಅನ್ನಬಹುದು. ಸಾಮಾನ್ಯವಾಗಿ ಡೆಸಿಲೀಟರಿಗೆ 300 ನ್ಯಾನೊಗ್ರಾಂನ ಆಸುಪಾಸನ್ನು ಕೆಳಗಿನ ಗೆರೆ ಎಂದು ಹಿಡಿಯುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ಈ ಗೆರೆ ಸ್ವಲ್ಪ ಆಚೀಚೆ.

ಮಧ್ಯಾಹ್ನದ ಹೊತ್ತಿನ ರೋಕಡಿ ಎಣಿಸಿ ವರ್ಷದ ಲಾಭ ನಷ್ಟ ಬರೆಯುವ ಗುಮಾಸ್ತನನ್ನು ಯಾವ ಸಾಹುಕಾರರು ಇಟ್ಟುಕೊಂಡಾರು? ತಮ್ಮ ಮೈಯ ಲೆಕ್ಕದಲ್ಲಿ ಮಾತ್ರ ಅದನ್ನೇ ಒಪ್ಪಿಕೊಂಡರು.

ಅಂಕಿಯೊಂದೇ ಇದ್ದರೂ ಸಾಲದು, ಲಕ್ಷಣವೂ ಕೂಡಿಬರಬೇಕು. 2010ರಲ್ಲಿ ಯೂರೋಪಿನ ಎಂಟು ಊರುಗಳಲ್ಲಿ 40ರಿಂದ 79 ವಯಸ್ಸಿನ 3,369 ಗಂಡಸರನ್ನು ಪರೀಕ್ಷಿಸಿದ ವರದಿಯೊಂದು ಪ್ರಕಟವಾಯಿತು. ಹಾರ್ಮೋನಿನ ಕೊರತೆಗೆ ಖಚಿತವಾಗಿ ತಳುಕು ಬಿದ್ದ ಲಕ್ಷಣಗಳು ಮೂರೇ: ಬೆಳಗಿನ ಹೊತ್ತು ತಾನಾಗಿ ಆಗುವ ಉದ್ರೇಕ ಕಡಿಮೆಯಾಗುವುದು, ಕಾಮದ ಯೋಚನೆ ಕಡಿಮೆಯಾಗುವುದು, ಸಂಭೋಗದ ಶಕ್ತಿ ಕುಂದುವುದು. ಸುಸ್ತು ಈ ಮೂರರಲ್ಲಿ ಇಲ್ಲ! ಮೂರೂ ಲಕ್ಷಣ ಇದ್ದು ಅಂಕಿಯೂ ಕಡಿಮೆ ಇದ್ದವರು ಎಷ್ಟು ಮಂದಿ? ನೂರಕ್ಕೆ ಎರಡು, ಅಷ್ಟೆ.

ಸುಸ್ತಿಗೆ ನೂರು ಹೆಸರು

ಹಾಗಾದರೆ ಉಳಿದವರ ಸುಸ್ತು ಎಲ್ಲಿಂದ ಬಂತು? ಸುಸ್ತು ಎಂಬುದು ಬಸ್‌ಸ್ಟ್ಯಾಂಡಿನಂತೆ. ಎಲ್ಲ ಊರಿನ ಬಸ್ಸೂ ಅಲ್ಲಿಗೇ ಬಂದು ನಿಲ್ಲುತ್ತದೆ. ಯಾವ ಊರಿಂದ ಬಂತು ಅಂತ ಬೋರ್ಡು ಓದಬೇಕು.

ಮೊದಲನೆಯ ಬೋರ್ಡು ಸಕ್ಕರೆ ಕಾಯಿಲೆ. ದಿನವಿಡೀ ಕೂತೇ ಇರುವ ಕೆಲಸ, ಹನ್ನೊಂದಕ್ಕೆ ಮಂಡಕ್ಕಿ ಮಿರ್ಚಿ, ಗಂಟೆಗೊಂದು ಚಹಾ, ರಾತ್ರಿ ಹತ್ತಕ್ಕೆ ಭರ್ತಿ ಊಟ. ನಲವತ್ತು ದಾಟಿದ ವರ್ತಕರಿಗೆ ಇದು ಸದ್ದಿಲ್ಲದೆ ಬಂದು ಕೂತಿರುತ್ತದೆ. ಎರಡನೆಯದು ಥೈರಾಯ್ಡ್. ಮೂರನೆಯದು ರಕ್ತಹೀನತೆ. ಗಂಡಸರಿಗೆ ರಕ್ತ ಕಮ್ಮಿ ಆದರೆ ಮೂಲವ್ಯಾಧಿಯಿಂದಲೋ ಹೊಟ್ಟೆಯ ಹುಣ್ಣಿನಿಂದಲೋ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲೇಬೇಕು. ನಾಲ್ಕನೆಯದು ಬಿ-12 ಜೀವಸತ್ವದ ಕೊರತೆ. ಮಾಂಸ, ಮೊಟ್ಟೆ ಮುಟ್ಟದವರಿಗೆ ಇದು ಹೆಚ್ಚು. ಲಿವರು, ಕಿಡ್ನಿ, ಹೃದಯ, ರಾತ್ರಿಯ ಕ್ವಾರ್ಟರು, ಬಿ.ಪಿ.ಗೆ ನುಂಗುವ ಕೆಲವು ಮಾತ್ರೆ ಇವೆಲ್ಲ ಸಾಲಿನಲ್ಲಿ ನಿಂತಿವೆ.

ಇನ್ನೊಂದಿದೆ, ಅದನ್ನು ಹೆಂಡತಿಯರನ್ನು ಕೇಳಬೇಕು. "ಗೊರಕೆ ಅಂದ್ರೆ ಗೊರಕೆ ಅಲ್ರೀ, ರೈಸ್‌ಮಿಲ್ಲು. ನಡುವೆ ಒಮ್ಮೊಮ್ಮೆ ಉಸಿರೇ ನಿಂತು ಹೋಗ್ತದೆ. ನಂಗೆ ಎದೆ ಝಲ್ ಅಂತದೆ. ಆಮೇಲೆ ಗಕ್ಕನೆ ಎದ್ದು ಮತ್ತೆ ಶುರು." ಇದು ನಗುವ ಮಾತಲ್ಲ. ಗಂಟಲ ದಾರಿ ಮುಚ್ಚಿ ರಾತ್ರಿಯಿಡೀ ನಿದ್ದೆ ಒಡೆಯುವ ಕಾಯಿಲೆ ಇದು. ಇಂಗ್ಲಿಷ್ ವೈದ್ಯರು ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಎಂಟು ಗಂಟೆ ಮಲಗಿದರೂ ಮೈಗೆ ಮಾತ್ರ ನಿದ್ದೆ ಆಗಿರುವುದಿಲ್ಲ. ಮರುದಿನ ಖಾತೆ ಪುಸ್ತಕದ ಮುಂದೆ ತೂಕಡಿಕೆ. ಬೊಜ್ಜಿನವರಿಗೆ, ಕುತ್ತಿಗೆ ದಪ್ಪ ಇರುವವರಿಗೆ ಹೆಚ್ಚು.

ಕೊನೆಯದು ಮನಸ್ಸು. ಉದ್ರಿ ಕೊಟ್ಟ ದುಡ್ಡು ಬರಲಿಲ್ಲ, ಆನ್‌ಲೈನ್ ಅಂಗಡಿಗಳು ವ್ಯಾಪಾರ ಕಿತ್ತುಕೊಂಡವು, ಮಗಳ ಮದುವೆಗೆ ಸಾಲ. ಗಂಡಸು ಅಳುವುದಿಲ್ಲ, "ಸುಸ್ತು" ಅನ್ನುತ್ತಾನೆ. ಯಾವುದರಲ್ಲೂ ಆಸೆ ಇಲ್ಲದಿರುವುದು, ಬೆಳಗಿನ ಜಾವವೇ ಎಚ್ಚರವಾಗುವುದು, ಹೆಂಡತಿಯ ಹತ್ತಿರ ಹೋಗಲು ಮನಸ್ಸಾಗದಿರುವುದು ಖಿನ್ನತೆಯ ಗುರುತೂ ಹೌದು. ಇದಕ್ಕೆ 14416 ಎಂಬ ಟೆಲಿ-ಮಾನಸ್ ಸಹಾಯವಾಣಿ 2022ರಿಂದ ಇದೆ, ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಖ್ಯವಾದ ಮಾತು ಇನ್ನೊಂದಿದೆ. ಬೊಜ್ಜು, ಸಕ್ಕರೆ ಕಾಯಿಲೆ, ಕೆಟ್ಟ ನಿದ್ದೆ ಇವು ತಾವೇ ಟೆಸ್ಟೋಸ್ಟೆರಾನನ್ನು ಕೆಳಗೆ ಎಳೆಯುತ್ತವೆ. ಅಂದರೆ ಕಡಿಮೆ ಅಂಕಿಯು ಬೆಂಕಿಯಲ್ಲ, ಹೊಗೆ. ಹೊಟ್ಟೆ ಕರಗಿದರೆ ಎಷ್ಟೋ ಜನಕ್ಕೆ ಅಂಕಿ ತಾನಾಗಿ ಮೇಲೇರುತ್ತದೆ. ಹೊಗೆಗೆ ಫ್ಯಾನ್ ಹಾಕಿ ಬೆಂಕಿಯನ್ನು ಹಾಗೇ ಬಿಟ್ಟರೆ ಅಂಗಡಿ ಉಳಿದೀತೆ?

ದೊಡ್ಡ ಪರೀಕ್ಷೆಗಳು ಏನಂದವು

"ಅದೆಲ್ಲ ಇರ್ಲಿ, ಹಾಕಿಸ್ಕೊಂಡ್ರೆ ಹುರುಪು ಬರ್ತದೋ ಇಲ್ವೋ ಅಷ್ಟು ಹೇಳ್ರಿ" ಎನ್ನುವವರಿಗೆ ಉತ್ತರವಿದೆ.

ಅಮೆರಿಕದಲ್ಲಿ 65 ದಾಟಿದ, ಟೆಸ್ಟೋಸ್ಟೆರಾನ್ 275ಕ್ಕಿಂತ ಕಡಿಮೆ ಇದ್ದ 790 ಗಂಡಸರಿಗೆ ಒಂದು ವರ್ಷ ಜೆಲ್ ಹಚ್ಚಿಸಿದರು. ಅರ್ಧ ಜನಕ್ಕೆ ನಿಜವಾದ ಮದ್ದು, ಅರ್ಧ ಜನಕ್ಕೆ ಹೆಸರಿಗಷ್ಟೇ ಜೆಲ್. ಯಾರಿಗೆ ಯಾವುದು ಎಂದು ಹಚ್ಚಿಕೊಂಡವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. 2016ರಲ್ಲಿ ಫಲಿತಾಂಶ ಬಂತು. ಕಾಮದ ಆಸೆ, ಶಕ್ತಿ ಸ್ವಲ್ಪ ಮಟ್ಟಿಗೆ ಹೆಚ್ಚಿತು. ಮನಸ್ಸು ತುಸು ಹಗುರವಾಯಿತು. ಸುಸ್ತು ಕಳೆಯುತ್ತದೆಯೇ ಎಂದು ಅಳೆಯಲೆಂದೇ ಇಟ್ಟಿದ್ದ ಮಾಪನದಲ್ಲಿ ಮಾತ್ರ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಯಾವ ಸುಸ್ತಿಗೆ ಜನ ಈ ಸೂಜಿ ಹುಡುಕಿಕೊಂಡು ಹೋಗುತ್ತಾರೋ, ಅದಕ್ಕೇ ಇದು ಕೈಕೊಟ್ಟಿತು.

ಹೃದಯದ ಮಾತು? 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ಪರೀಕ್ಷೆಯಲ್ಲಿ ಹೃದಯದ ತೊಂದರೆ ಇದ್ದ, ಇಲ್ಲವೇ ಬರುವ ಅಪಾಯ ಹೆಚ್ಚಿದ್ದ, 45ರಿಂದ 80ರೊಳಗಿನ 5,200ಕ್ಕೂ ಹೆಚ್ಚು ಗಂಡಸರಿದ್ದರು. ಹೃದಯಾಘಾತ, ಲಕ್ವ, ಹೃದಯದ ಕಾರಣದ ಸಾವು ಸೇರಿ ಮದ್ದಿನವರಲ್ಲಿ ನೂರಕ್ಕೆ 7.0, ಹುಸಿ ಮದ್ದಿನವರಲ್ಲಿ 7.3. ಅಂದರೆ ಮೊದಲು ಹೆದರಿದ್ದಷ್ಟು ಅಪಾಯ ಇಲ್ಲ. ಇದು ಒಳ್ಳೆಯ ಸುದ್ದಿ, ಮುಚ್ಚಿಡುವುದು ಬೇಡ. ಆದರೆ ಹೃದಯದ ಬಡಿತ ತಾಳ ತಪ್ಪುವುದು ಮದ್ದಿನವರಲ್ಲಿ 3.5, ಉಳಿದವರಲ್ಲಿ 2.4. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ದಿಢೀರ್ ಪೆಟ್ಟು ಇವೂ ಮದ್ದಿನವರಲ್ಲೇ ಹೆಚ್ಚು. ಮೂಳೆ ಗಟ್ಟಿಯಾಗಬಹುದು ಎಂದುಕೊಂಡಿದ್ದರೆ, ಮುರಿದುಕೊಂಡವರೂ ಅವರಲ್ಲೇ ಹೆಚ್ಚು!

2021ರಲ್ಲಿ ಆಸ್ಟ್ರೇಲಿಯಾದ ಪರೀಕ್ಷೆಯೊಂದರಲ್ಲಿ ಹೊಟ್ಟೆ ದಪ್ಪ ಇದ್ದ 1,007 ಗಂಡಸರಿಗೆ ತೂಕ ಇಳಿಸುವ ಕಾರ್ಯಕ್ರಮದ ಜೊತೆ ಮೂರು ತಿಂಗಳಿಗೊಂದು ಸೂಜಿ ಅಥವಾ ಹುಸಿ ಸೂಜಿ ಕೊಟ್ಟರು. ಎರಡು ವರ್ಷದ ಕೊನೆಗೆ ಸಕ್ಕರೆ ಕಾಯಿಲೆ ಕಂಡದ್ದು ಸೂಜಿಯವರಲ್ಲಿ ನೂರಕ್ಕೆ 12, ಉಳಿದವರಲ್ಲಿ 21. ಲಾಭವೇ ಸರಿ. ಆದರೆ ಸೂಜಿಯವರಲ್ಲಿ ನೂರಕ್ಕೆ 22 ಮಂದಿಗೆ ರಕ್ತ ಅಪಾಯದ ಮಟ್ಟಕ್ಕೆ ಮಂದವಾಗಿತ್ತು. ಉಳಿದವರಲ್ಲಿ ಹಾಗಾದದ್ದು ನೂರಕ್ಕೆ ಒಬ್ಬರಿಗೆ.

ಲೆಕ್ಕ ಬಲ್ಲವರು ಜಮಾ ಖರ್ಚು ಎರಡೂ ಕಡೆ ನೋಡಿಯೇ ಮಾತಾಡಬೇಕು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2015ರಲ್ಲೇ ಹೇಳಿದ್ದು ಇಷ್ಟು: ವೃಷಣ, ಪಿಟ್ಯುಟರಿ, ಮೆದುಳಿನ ಕಾಯಿಲೆಯಿಂದ ಹಾರ್ಮೋನು ಕುಂದಿದವರಿಗೆ ಮಾತ್ರ ಈ ಮದ್ದಿಗೆ ಒಪ್ಪಿಗೆ. ಬರೀ ವಯಸ್ಸಾಯಿತೆಂದು ಕೊಡುವುದಕ್ಕಲ್ಲ.

ಮುಚ್ಚಿದ ಮಿಲ್ಲು

ಇನ್ನೊಂದು ಸಂಗತಿ ಸೂಜಿ ಚುಚ್ಚುವ ಮುಂಚೆ ಹೆಚ್ಚಿನವರಿಗೆ ಯಾರೂ ಹೇಳುವುದಿಲ್ಲ.

ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಹೆಡ್ಡಾಫೀಸು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸ್ಟಾಕು ಎಷ್ಟಿದೆ ಎಂದು ನೋಡುವ ವ್ಯವಸ್ಥೆ ಮೇಲೆ ಇದೆ. ಕಡಿಮೆ ಕಂಡರೆ "ತಯಾರಿಸು" ಎಂದು ವೃಷಣಕ್ಕೆ ಆರ್ಡರು ಹೋಗುತ್ತದೆ. ಹೊರಗಿನಿಂದ ಸೂಜಿಯಲ್ಲಿ ಮಾಲು ಬಂದು ಬಿದ್ದರೆ ಗೋಡೌನು ಭರ್ತಿ. ಹೆಡ್ಡಾಫೀಸು ಆರ್ಡರು ನಿಲ್ಲಿಸುತ್ತದೆ. ಆರ್ಡರು ನಿಂತರೆ ಕಾರ್ಖಾನೆ ಬಂದ್. ಟೆಸ್ಟೋಸ್ಟೆರಾನ್ ಅಷ್ಟೇ ಅಲ್ಲ, ಅಲ್ಲೇ ಆಗಬೇಕಾದ ವೀರ್ಯಾಣುವಿನ ಉತ್ಪತ್ತಿಯೂ ನಿಲ್ಲುತ್ತದೆ. ವೃಷಣ ಸಣ್ಣದಾಗುತ್ತದೆ.

ಇದು ಎಷ್ಟು ಖಾತ್ರಿ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂನ ಸೂಜಿಯನ್ನು ಗಂಡಸರ ಸಂತಾನ ನಿಯಂತ್ರಣಕ್ಕೆ ಆಗುತ್ತದೆಯೇ ಎಂದು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿತ್ತು. ಆಗುತ್ತದೆ ಎಂದೇ ಉತ್ತರ ಬಂದಿತ್ತು. ಗಂಡಸ್ತನ ಹೆಚ್ಚಲಿ ಎಂದು ಹಾಕಿಸಿಕೊಳ್ಳುವ ಸೂಜಿ, ಮಕ್ಕಳಾಗದ ಹಾಗೆ ಮಾಡುವ ಸೂಜಿಯೂ ಹೌದು.

ಹರಿಹರದಿಂದ ದಿನಾ ಬಸ್ಸಿಗೆ ಬರುವ 32ರ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮದುವೆಯಾಗಿ ಎರಡು ವರ್ಷ. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಸೂಜಿ ಶುರು ಮಾಡಿದ. ತೋಳು ತುಂಬಿಕೊಂಡಿತು. ಮನೆಯಲ್ಲಿ ಅತ್ತೆ ಸೊಸೆಯನ್ನು ದೇವಸ್ಥಾನ, ಡಾಕ್ಟರು, ಹರಕೆ ಎಂದು ಸುತ್ತಿಸುತ್ತಿದ್ದಾರೆ. ದೋಷ ಅವಳದೇ ಎಂದು ಓಣಿಯೆಲ್ಲ ಮಾತು. ಕೊನೆಗೆ ಗಂಡನದನ್ನೂ ಪರೀಕ್ಷೆ ಮಾಡಿಸಿ ಎಂದಾಗ ವೀರ್ಯಾಣು ಸೊನ್ನೆ. ಇಂಥ ಮನೆಗಳು ಸಂತಾನದ ಡಾಕ್ಟರರಿಗೆ ಹೊಸವಲ್ಲ.

ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಬರುತ್ತದೆ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ವರ್ಷ ದಾಟುತ್ತದೆ, ಎಲ್ಲರಿಗೂ ಪೂರ್ತಿ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಆ ನಡುವಿನ ದಿನಗಳಲ್ಲಿ ಹೊರಗಿನ ಮಾಲೂ ಇಲ್ಲ, ಒಳಗಿನ ಮಾಲೂ ಇಲ್ಲ. ಮೊದಲಿಗಿಂತ ಹೆಚ್ಚು ಸುಸ್ತು. ಹೀಗಾಗಿ ಮತ್ತೆ ಸೂಜಿಗೇ ಓಡುತ್ತಾರೆ. ಒಮ್ಮೆ ಮುಚ್ಚಿದ ಮಿಲ್ಲನ್ನು ಮತ್ತೆ ತೆರೆಸುವುದು ಎಂಥ ಕಷ್ಟ ಎಂದು ದಾವಣಗೆರೆಯವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಿಜವಾಗಿ ಬೇಕಾದವರೂ ಇದ್ದಾರೆ

ಇಷ್ಟೆಲ್ಲ ಓದಿ "ಹಾಗಾದ್ರೆ ಈ ಮದ್ದೇ ಮೋಸ" ಅಂದುಕೊಂಡರೆ ಅದೂ ತಪ್ಪು.

ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮು ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಎಂಬ ಸ್ಥಿತಿಯವರು, ಹರೆಯದಲ್ಲಿ ಮಂಗನಬಾವು ಬಂದು ವೃಷಣಕ್ಕೆ ಪೆಟ್ಟಾದವರು, ಕ್ಯಾನ್ಸರಿಗಾಗಿ ವೃಷಣ ತೆಗೆಸಿಕೊಂಡವರು, ಪಿಟ್ಯುಟರಿ ಕೆಟ್ಟವರು ಇವರಿಗೆಲ್ಲ ಇದು ಬದುಕನ್ನೇ ನೆಟ್ಟಗೆ ಮಾಡುವ ಮದ್ದು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇದ್ದ ಹಾಗೆ. ಇವರು ನಾಚಿಕೆಯಿಂದ ಮನೆಯಲ್ಲೇ ಕೂತರೆ ಮೂಳೆ ಸವೆಯುತ್ತದೆ, ರಕ್ತ ಕುಂದುತ್ತದೆ, ಸಂಸಾರ ಕೆಡುತ್ತದೆ. ಇವರು ಖಂಡಿತ ಹಾರ್ಮೋನು ತಜ್ಞರ ಹತ್ತಿರ ಹೋಗಬೇಕು.

ಅಂಕಿ ನಿಜವಾಗಿ ಕಡಿಮೆ ಬಂದಾಗ "ಯಾಕೆ ಕಡಿಮೆ" ಎಂದು ಕೇಳುವುದು ಅದಕ್ಕಿಂತ ದೊಡ್ಡ ಕೆಲಸ. ಪಿಟ್ಯುಟರಿಯಲ್ಲಿ ಗಡ್ಡೆ ಬೆಳೆದರೂ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ತಲೆನೋವು, ಗಾಡಿ ಓಡಿಸುವಾಗ ಎರಡೂ ಪಕ್ಕದಿಂದ ಬರುವವರು ಕಾಣದಿರುವುದು ಇದರ ಗುರುತು. ಇದರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿಸುವ ಜಾತಿಯ ಗಡ್ಡೆ ಹೆಚ್ಚಿನವರಲ್ಲಿ ಬರೀ ಮಾತ್ರೆಗೆ ಕರಗುತ್ತದೆ, ಆಪರೇಶನ್ ಬೇಕಾಗುವುದಿಲ್ಲ. ಕಾರಣ ಹುಡುಕದೆ ಸೂಜಿ ಚುಚ್ಚುತ್ತ ಹೋದರೆ ಅಂಕಿ ಸರಿಯಾಗುತ್ತದೆ, ಗಡ್ಡೆ ಒಳಗೇ ಬೆಳೆಯುತ್ತದೆ, ಕೊನೆಗೆ ಕಣ್ಣು ಹೋಗುತ್ತದೆ. ಎಲ್.ಎಚ್., ಪ್ರೊಲ್ಯಾಕ್ಟಿನ್ ಎಂಬ ಎರಡು ರಕ್ತ ಪರೀಕ್ಷೆ ಬರೆಯದೆ ಸೂಜಿ ಬರೆಯುವವರ ಹತ್ತಿರ ಹುಷಾರು.

ಗೋಡೆ ಮೇಲಿನ ಡಾಕ್ಟರು

ಬಸ್‌ಸ್ಟ್ಯಾಂಡಿನ ಹಿಂದಿನ ಗೋಡೆ, ಮೂತ್ರಿಯ ಒಳಗೋಡೆ, ಬಸ್ಸಿನ ಸೀಟಿನ ಬೆನ್ನು ಎಲ್ಲ ಕಡೆ ಹಳದಿ ಚೀಟಿ: "ಗುಪ್ತರೋಗ, ನರದೌರ್ಬಲ್ಯ, ಗ್ಯಾರಂಟಿ ಗುಣ. ಪ್ರತಿ ತಿಂಗಳು ಇಂಥ ತಾರೀಖು, ಇಂಥ ಲಾಡ್ಜು, ಇಂಥ ರೂಮು." ಇದನ್ನು ಓದದೆ ಬೆಳೆದ ಗಂಡಸು ಈ ಜಿಲ್ಲೆಯಲ್ಲಿ ಇರಲಾರ. ಈಗ ಆ ಚೀಟಿಯೇ ಮೊಬೈಲಿಗೆ ಬಂದಿದೆ. ಲಾಡ್ಜಿನ ಬದಲು ವೆಬ್‌ಸೈಟು, ನರದೌರ್ಬಲ್ಯದ ಬದಲು "ಲೋ ಟಿ", ಅಷ್ಟೇ ವ್ಯತ್ಯಾಸ.

ಇದಕ್ಕೆ ಕಾನೂನು ಇಲ್ಲವೇ? 1954ರಿಂದ ಇದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎಂದು ಅದರ ಹೆಸರು. ಲೈಂಗಿಕ ಶಕ್ತಿ ಹೆಚ್ಚಿಸುತ್ತದೆ ಎಂದು ಯಾವ ಮದ್ದಿನ ಜಾಹೀರಾತೂ ಹಾಕುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಟೆಸ್ಟೋಸ್ಟೆರಾನ್ ಜಾತಿಯ ಹಾರ್ಮೋನುಗಳು ಷೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವಂತಿಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಗೋಡೆ ಮೇಲಿನ ಚೀಟಿ ಮಾತ್ರ ಹಾಗೇ ಇದೆ.

ಮತ್ತೆ ಮಂಡಿಪೇಟೆಗೆ

ಆ ಸಾಹುಕಾರರು ಏನಾದರು? ಸೂಜಿ ಹಾಕಿಸಿಕೊಂಡರು, ಮೂರು ವಾರಕ್ಕೊಂದು. ಮೊದಲ ವಾರ ಹಬ್ಬ. "ಏನ್ ಹುರುಪ್ರೀ!" ಎಂದು ಹಮಾಲರಿಗೂ ಹೇಳಿದರು. ಮೂರನೆಯ ವಾರ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ತೂಕಡಿಕೆ. ಈ ಬಗೆಯ ಸೂಜಿಯ ಗುಣವೇ ಅದು, ಏರಿಸಿ ಇಳಿಸುತ್ತದೆ. ಏಳೆಂಟು ತಿಂಗಳಾಗುವಷ್ಟರಲ್ಲಿ ಮುಖ ಕೆಂಪಗೆ, ತಲೆ ಭಾರ. ಹೆಂಡತಿ ಹೇಳಿದಂತೆ ಗೊರಕೆ ಮೊದಲಿಗಿಂತ ಜೋರು. ಅದೂ ಈ ಮದ್ದಿನಿಂದ ಆಗುವುದುಂಟು.

ಕೊನೆಗೆ ಅವರನ್ನು ಹಟ ಮಾಡಿ ಜಿಲ್ಲಾಸ್ಪತ್ರೆಗೆ ಎಳೆದುಕೊಂಡು ಹೋದದ್ದು ಹೆಂಡತಿಯೇ. ಓಪಿಡಿಯ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ರಕ್ತ ಪರೀಕ್ಷೆ ಬರೆದರು. ರಕ್ತದ ಮಂದವನ್ನು ತೋರಿಸುವ ಹೆಮಟೋಕ್ರಿಟ್ 55. 54 ದಾಟಿದರೆ ಸೂಜಿ ನಿಲ್ಲಿಸಬೇಕೆಂಬುದು ನಿಯಮ. ಖಾಲಿ ಹೊಟ್ಟೆಯ ಸಕ್ಕರೆ 210. "ಯಜಮಾನ್ರೆ, ಇಷ್ಟು ದಿನ ನಿಮ್ಮ ಶುಗರ್ ಯಾರೂ ನೋಡಿರ್ಲಿಲ್ವಾ?" ಎಂದು ಡಾಕ್ಟರು ಕೇಳಿದರು. ಯಾರೂ ನೋಡಿರಲಿಲ್ಲ. ಕಡಿಮೆ ಖರ್ಚಿನ ಪರೀಕ್ಷೆ ಬಿಟ್ಟು ಸಾವಿರಗಟ್ಟಲೆ ಸುರಿದಿದ್ದರು.

ಹೆಂಡತಿ ಆ ಗೊರಕೆ, ಆ ಉಸಿರು ನಿಲ್ಲುವ ವಿಷಯವನ್ನೂ ಅಲ್ಲೇ ಹೇಳಿದರು. ಸಕ್ಕರೆಗೆ ಮಾತ್ರೆ, ನಿದ್ದೆಯ ಪರೀಕ್ಷೆಗೆ ಚೀಟಿ, ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ, ಮಿರ್ಚಿಗೆ ವಿರಾಮ. ಸೂಜಿ ಬಂದ್.

ಮುಂದಿನ ಎರಡು ತಿಂಗಳು ಬಲು ಕಷ್ಟದವು. ಒಳಗಿನ ಮಿಲ್ಲು ಇನ್ನೂ ಚಾಲೂ ಆಗಿರಲಿಲ್ಲ. ಹೆಂಡತಿ ದಿನಾ ಐದೂವರೆಗೆ ಎಬ್ಬಿಸಿ ಜೊತೆಗೆ ತಾವೂ ನಡೆದರು. ಸಕ್ಕರೆ ಹತೋಟಿಗೆ ಬಂತು, ತೂಕ ಏಳು ಕಿಲೋ ಇಳಿಯಿತು. ವರ್ಷದ ಕೊನೆಗೆ, ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟೆರಾನ್ 390. ಅದರ ಕೊರತೆ ಮೊದಲು ನಿಜವಾಗಿ ಇತ್ತೋ ಇಲ್ಲವೋ, ಆ ಸಂಜೆಯ ರಕ್ತಕ್ಕೇ ಗೊತ್ತು.

ಸುಸ್ತಾದವರು ನೆನಪಿಡಬೇಕಾದದ್ದು ಇಷ್ಟು. ಮೊದಲು ಸಕ್ಕರೆ, ರಕ್ತ, ಥೈರಾಯ್ಡ್, ಬಿ-12, ಬಿ.ಪಿ. ನೋಡಿಸಿ. ಗೊರಕೆಯ ವಿಷಯ ಡಾಕ್ಟರಿಗೆ ಹೆಂಡತಿಯಿಂದ ಹೇಳಿಸಿ. ಮನಸ್ಸು ಸರಿಯಿಲ್ಲದಿದ್ದರೆ ಅದನ್ನೂ ಹೇಳಿ. ಟೆಸ್ಟೋಸ್ಟೆರಾನ್ ನೋಡಿಸುವುದೇ ಆದರೆ ಬೆಳಿಗ್ಗೆ, ಖಾಲಿ ಹೊಟ್ಟೆ, ಎರಡು ಸಲ. ಇನ್ನೂ ಮಕ್ಕಳು ಬೇಕೆನ್ನುವವರು ಅದನ್ನು ಮೊದಲೇ ಹೇಳಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಈ ಮದ್ದು ಸಲ್ಲದು. ಮದ್ದು ಶುರು ಮಾಡಿದವರು ರಕ್ತದ ಮಂದ, ಪ್ರಾಸ್ಟೇಟಿನ ಪಿ.ಎಸ್.ಎ., ಬಿ.ಪಿ. ಇವನ್ನು ಮೊದಲ ವರ್ಷ ತಪ್ಪದೆ ಪರೀಕ್ಷೆ ಮಾಡಿಸಬೇಕು. ಜೆಲ್ ಹಚ್ಚಿಕೊಂಡವರು ಕೈ ತೊಳೆಯದೆ, ಹಚ್ಚಿದ ಜಾಗ ಮುಚ್ಚದೆ ಮಗುವನ್ನು ಎತ್ತಿಕೊಳ್ಳಬಾರದು. ಮೈಯಿಂದ ಮೈಗೆ ಅಂಟಿ ಮಗುವಿಗೂ ಹಾರ್ಮೋನು ಸೇರುತ್ತದೆ.

ಈಗಲೂ ಸಾಹುಕಾರರಿಗೆ ಮಧ್ಯಾಹ್ನ ಮೂರೂವರೆಗೆ ಒಮ್ಮೊಮ್ಮೆ ಕಣ್ಣು ಎಳೆಯುವುದುಂಟು. 48 ಆಯಿತಲ್ಲ. ಎದ್ದು, ಪೇಟೆಯ ಆ ತುದಿವರೆಗೆ ನಡೆದು ಬರುತ್ತಾರೆ. ಅಳಿಯ ಮೊಬೈಲಿನಲ್ಲಿ ಹೊಸ ಜಾಹೀರಾತು ತೋರಿಸಲು ಬಂದರೆ ಒಂದೇ ಮಾತು ಕೇಳುತ್ತಾರೆ:

"ಅದಿರ್ಲಿ ತಮ್ಮಾ, ನಿನ್ನ ಶುಗರ್ ಎಷ್ಟೈತೆ?"